ಮೊಲ, ಪಫ್, ಪ್ರವಾಹ: ಹಳೆಯ ಕಾದಂಬರಿಯ ಅಣ್ಣ-ತಂಗಿಯನ್ನು ಓದುವ ಬಗೆ

ಹತ್ತೊಂಬತ್ತನೆಯ ಶತಮಾನದ ದಪ್ಪ ಕಾದಂಬರಿಯನ್ನು ಕೈಗೆತ್ತಿಕೊಂಡವರು ಮೊದಲ ನೂರು ಪುಟಗಳನ್ನು ಸಹಿಸಿಕೊಳ್ಳುವುದೇ ಹೆಚ್ಚು. ಮಕ್ಕಳು ಜಗಳವಾಡುತ್ತಾರೆ, ಮೀನು ಹಿಡಿಯುತ್ತಾರೆ, ತಿಂಡಿ ಹಂಚಿಕೊಳ್ಳುತ್ತಾರೆ, ನೆಂಟರು ಬಂದು ಹೋಗುತ್ತಾರೆ. ಕಥೆ ಯಾವಾಗ ಶುರುವಾಗುತ್ತದೆಂದು ಓದುಗ ಕಾಯುತ್ತಾನೆ. ನನ್ನ ಅನುಭವದಲ್ಲಿ, ಒಳ್ಳೆಯ ಕಾದಂಬರಿಯಾದರೆ ಆ ನೂರು ಪುಟಗಳೊಳಗೇ ಇಡೀ ಕಥೆ ಒಮ್ಮೆ ನಡೆದು ಮುಗಿದಿರುತ್ತದೆ. ಮುಂದೆ ನಡೆಯುವುದು ಅದೇ ಕಥೆ, ದೊಡ್ಡವರ ಉಡುಪಿನಲ್ಲಿ. ಇದನ್ನು ಕಂಡುಹಿಡಿಯುವ ಒಂದು ಓದಿನ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ಜಾರ್ಜ್ ಎಲಿಯಟ್ ಬರೆದ 'ದ ಮಿಲ್ ಆನ್ ದ ಫ್ಲಾಸ್' ಇಟ್ಟುಕೊಳ್ಳೋಣ. 1860ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಕೃತಿ. ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾದ್ದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಡಾರ್ಲ್‌ಕೋಟ್ ಎಂಬಲ್ಲಿ ನದಿಯ ಪಕ್ಕ ಒಂದು ಹಿಟ್ಟಿನ ಗಿರಣಿ. ಅದರ ಮಾಲೀಕ ಟುಲಿವರ್. ಅವನ ಮಗ ಟಾಮ್, ಮಗಳು ಮ್ಯಾಗಿ. ಕಥೆ ಶುರುವಾದಾಗ ಅವನಿಗೆ ಹದಿಮೂರು, ಅವಳಿಗೆ ಒಂಬತ್ತು. ಕೊನೆಯಲ್ಲಿ ಇಬ್ಬರೂ ಪ್ರವಾಹದಲ್ಲಿ ಒಟ್ಟಿಗೆ ಮುಳುಗಿ ಸಾಯುತ್ತಾರೆ. ಇದನ್ನು ಮುಚ್ಚಿಟ್ಟುಕೊಂಡು ಮುಂದಿನ ಮಾತು ಆಡಲಾಗುವುದಿಲ್ಲ. ಅದೂ ಅಲ್ಲದೆ, ಸಾವಿನಲ್ಲೂ ಅವರು ಅಗಲಲಿಲ್ಲ ಎಂಬರ್ಥದ ಬೈಬಲ್ ವಾಕ್ಯವನ್ನು ಲೇಖಕಿಯೇ ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದಾಳೆ. ಗುಟ್ಟು ರಟ್ಟು ಮಾಡಿದ ಪಾಪ ನನ್ನದೊಬ್ಬನದೇ ಅಲ್ಲ.

1. ಮೊದಲು ಮನೆಯವರ ಪಟ್ಟಿ ಬರೆದುಕೊಳ್ಳಿ

ಇಂಗ್ಲಿಷ್ ಕಾದಂಬರಿಗಳಲ್ಲಿ ಎಲ್ಲರೂ 'ಆಂಟ್', 'ಅಂಕಲ್' ಆಗಿ ಕಲಸಿಹೋಗುತ್ತಾರೆ. ಒಂದು ಹಾಳೆಯಲ್ಲಿ ಅವರನ್ನು ನಮ್ಮ ಲೆಕ್ಕದಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ತೀರುತ್ತದೆ. ಮ್ಯಾಗಿಯ ತಾಯಿ ಡಾಡ್ಸನ್ ಮನೆತನದ ಹೆಣ್ಣು. ಆಕೆಯ ಹಿರಿಯಕ್ಕ ಗ್ಲೆಗ್, ಅಂದರೆ ಮಕ್ಕಳಿಗೆ ದೊಡ್ಡಮ್ಮ. ಉಳಿದಿಬ್ಬರು ಸೋದರಿಯರು ಪುಲೆಟ್ ಮತ್ತು ಡೀನ್. ಡೀನ್ ಅವರ ಮಗಳು ಲೂಸಿ, ಅಚ್ಚುಕಟ್ಟಾದ, ಎಲ್ಲರೂ ಮೆಚ್ಚುವ ಹುಡುಗಿ. ತಂದೆಯ ಕಡೆಯಲ್ಲಿ ಒಬ್ಬಳೇ ಸೋದರತ್ತೆ, ಗ್ರಿಟಿ ಮಾಸ್. ಕೈ ಹಿಡಿದವನು ಬಡ ರೈತ, ಮನೆ ತುಂಬ ಎಂಟು ಮಕ್ಕಳು.

ಪಟ್ಟಿ ಬರೆದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಈ ಕಾದಂಬರಿಯಲ್ಲಿ ಒಡಹುಟ್ಟಿದವರೆಂದರೆ ಟಾಮ್ ಮತ್ತು ಮ್ಯಾಗಿ ಮಾತ್ರ ಅಲ್ಲ. ನಾಲ್ವರು ಡಾಡ್ಸನ್ ಅಕ್ಕತಂಗಿಯರು ಒಂದು ಗುಂಪು, ಟುಲಿವರ್ ಮತ್ತು ಅವನ ಸೋದರಿ ಒಂದು ಜೋಡಿ. ಮಕ್ಕಳು ಮುಂದೆ ಹೇಗಾಗಬಹುದು ಎಂಬುದಕ್ಕೆ ಎರಡು ಮಾದರಿಗಳು ಅವರ ಕಣ್ಣೆದುರೇ ಓಡಾಡುತ್ತಿವೆ. ಈ ಹಾಳೆಯನ್ನು ಪುಸ್ತಕದೊಳಗೇ ಇಟ್ಟಿರಿ.

2. ಮಗುವನ್ನು ಯಾರು ನೆನೆಯುತ್ತಿದ್ದಾರೆ?

ಇದು ಚಿಕ್ಕ ಹೆಜ್ಜೆ. ಬಾಲ್ಯದ ಕಥೆಯನ್ನು ಮಗುವೇ ಹೇಳುತ್ತಿದೆಯೋ ದೊಡ್ಡವರು ಹೇಳುತ್ತಿದ್ದಾರೋ ನೋಡಿ. ಇಲ್ಲಿ ಮೊದಲ ಅಧ್ಯಾಯದಲ್ಲಿ ಯಾರೋ ಒಬ್ಬರು ಕುರ್ಚಿಯ ತೋಳಿಗೆ ಮೊಣಕೈಯೂರಿ ತೂಕಡಿಸುತ್ತ, ಎಷ್ಟೋ ವರ್ಷಗಳ ಹಿಂದಿನ ಫೆಬ್ರುವರಿಯ ಒಂದು ಸಂಜೆ ಗಿರಣಿಯೆದುರಿನ ಸೇತುವೆಯ ಮೇಲೆ ನಿಂತಿದ್ದನ್ನು ನೆನೆಯುತ್ತಾರೆ. ನೀರಿನಂಚಿನಲ್ಲಿ ಒಬ್ಬ ಪುಟ್ಟ ಹುಡುಗಿ, ಪಕ್ಕದಲ್ಲಿ ಒಂದು ಬಿಳಿ ನಾಯಿ. ಹೀಗಾಗಿ ಪುಸ್ತಕದುದ್ದಕ್ಕೂ ಎರಡು ದನಿಗಳು ಕೇಳುತ್ತವೆ. ಒಂದು, ಮೊಲ ಸತ್ತರೆ ಜಗತ್ತೇ ಮುಳುಗಿತೆಂದು ಅಳುವ ಮಗುವಿನದು. ಇನ್ನೊಂದು, ಆ ಅಳುವನ್ನು ನಗದೆ ಕೇಳಿಸಿಕೊಳ್ಳುವ ದೊಡ್ಡವರದು. ಎರಡನೆಯ ದನಿ ಕೆಲವೊಮ್ಮೆ ಒಂದಿಡೀ ಪುಟ ಉಪನ್ಯಾಸ ಕೊಡುವುದುಂಟು. ಬೇಸರ ಬಂದರೆ ದಾಟಿ ಮುಂದೆ ಹೋಗಿ, ಆದರೆ ಅದು ಯಾವ ದೃಶ್ಯದ ಬೆನ್ನಿಗೆ ಬಂತೆಂದು ಅಂಚಿನಲ್ಲಿ ಗೆರೆ ಎಳೆದಿಡಿ. ಲೇಖಕಿಗೆ ಯಾವ ದೃಶ್ಯ ಭಾರವೆನಿಸಿತು ಎಂಬುದು ಅಲ್ಲಿ ಗೊತ್ತಾಗುತ್ತದೆ.

3. ಒಂದು ಸಣ್ಣ ದೃಶ್ಯವನ್ನು ಹಿಡಿದು ಕೂರಿ

ದೊಡ್ಡ ಘಟನೆಗಳಿಗೆ ಕಾಯಬೇಡಿ. ತಿಂಡಿ, ಆಟಿಕೆ, ಬಟ್ಟೆ ಬರುವ ದೃಶ್ಯವೊಂದನ್ನು ಆರಿಸಿ ಸಾಲು ಸಾಲಾಗಿ ಓದಿ. ಮೊದಲ ಭಾಗದ ಆರನೆಯ ಅಧ್ಯಾಯದಲ್ಲಿ ಜಾಮ್ ತುಂಬಿದ ಪಫ್ ಹಂಚುವ ದೃಶ್ಯ ಇದಕ್ಕೆ ಹೇಳಿ ಮಾಡಿಸಿದ್ದು.

ತಲಾ ಒಂದೊಂದು ಪಫ್ ತಿಂದಾಗಿದೆ, ಒಂದು ಉಳಿದಿದೆ. ಟಾಮ್ ಅದನ್ನು ಚಾಕುವಿನಿಂದ ಎರಡು ಹೋಳು ಮಾಡುತ್ತಾನೆ. ಒಂದರಲ್ಲಿ ಜಾಮ್ ಹೊರಗೆ ಸೋರಿಹೋಗಿದೆ, ಇನ್ನೊಂದು ಚೆನ್ನಾಗಿದೆ. ಕಣ್ಣು ಮುಚ್ಚು, ಎಡವೋ ಬಲವೋ ಹೇಳು ಎನ್ನುತ್ತಾನೆ. ಮ್ಯಾಗಿ ಅಣ್ಣನನ್ನು ಮೆಚ್ಚಿಸಲು, ಜಾಮ್ ಸೋರಿದ್ದೇ ನನಗಿರಲಿ ಎನ್ನುತ್ತಾಳೆ. ಟಾಮ್ ಒಪ್ಪುವುದಿಲ್ಲ: ನಿನಗದು ಇಷ್ಟವಿಲ್ಲ, ನ್ಯಾಯವಾಗಿ ನಿನ್ನ ಪಾಲಿಗೆ ಬಂದರೆ ತಗೋ, ಇಲ್ಲದಿದ್ದರೆ ಕೊಡುವುದಿಲ್ಲ. ಅವಳು ಎಡ ಎನ್ನುತ್ತಾಳೆ. ಒಳ್ಳೆಯ ಹೋಳು ಅವಳಿಗೇ ಬರುತ್ತದೆ. ನೀನೇ ತಗೋ ಎಂದು ಅಂಗಲಾಚಿದರೂ ಅವನು ಮುಟ್ಟುವುದಿಲ್ಲ. ಸರಿ, ಅವಳು ತಿನ್ನಲು ಕೂರುತ್ತಾಳೆ, ತಿನ್ನುತ್ತ ಮೈಮರೆಯುತ್ತಾಳೆ. ತನ್ನದನ್ನು ಬೇಗ ಮುಗಿಸಿದ ಟಾಮ್ ಅವಳ ಕೊನೆಯ ತುತ್ತಿನವರೆಗೂ ನೋಡುತ್ತ ನಿಂತು, ಅದು ಗಂಟಲಿಳಿದ ಮೇಲೆ ಹೇಳುತ್ತಾನೆ: ಹೊಟ್ಟೆಬಾಕಿ!

ಇಲ್ಲಿ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಯಮ ಮಾಡಿದವರು ಯಾರು? ಟಾಮ್. ನಿಯಮ ಮೀರಿದವರು ಯಾರು? ಯಾರೂ ಇಲ್ಲ, ಅವನು ಅಕ್ಷರಶಃ ನ್ಯಾಯವಾಗಿಯೇ ನಡೆದುಕೊಂಡ, ಆ ಹೆಮ್ಮೆ ಅವನಿಗಿದೆ. ಹಾಗಿದ್ದರೆ ಕೊನೆಗೆ ತಪ್ಪಿತಸ್ಥಳಾಗಿ ನಿಂತವಳು ಮ್ಯಾಗಿ, ಏಕೆ? ಅವಳಿಗೆ ಬೇಕಿದ್ದುದು ಪಫ್ ಆಗಿರಲಿಲ್ಲ, ಅಣ್ಣನ ಸಂತೋಷವಾಗಿತ್ತು. ಅವನ ನ್ಯಾಯದ ತಕ್ಕಡಿಯಲ್ಲಿ ಅದನ್ನು ಇಡಲು ತಟ್ಟೆಯೇ ಇಲ್ಲ. ಅವನು ಆಡದೆ ಬಿಟ್ಟ ನಿರೀಕ್ಷೆಯೊಂದಿತ್ತು. ಅದನ್ನು ಅವಳು ಊಹಿಸಿಕೊಳ್ಳಬೇಕಿತ್ತು, ಮರೆತಳು. ಅದೇ ಅಧ್ಯಾಯದ ಕೊನೆಗೆ ನಿರೂಪಕಿ ಇಬ್ಬರ ವ್ಯತ್ಯಾಸವನ್ನು ಹೇಳುತ್ತಾಳೆ: ಟಾಮ್ ಏನು ಮಾಡಿದರೂ, ಇನ್ನೊಮ್ಮೆ ಅವಕಾಶ ಸಿಕ್ಕಿದರೆ ಹಾಗೆಯೇ ಮಾಡುತ್ತೇನೆ ಎನ್ನುವವನು, ಮ್ಯಾಗಿ ಯಾವಾಗಲೂ ಬೇರೆ ರೀತಿ ಮಾಡಬೇಕಿತ್ತು ಎಂದು ಕೊರಗುವವಳು. ಈ ಒಂದು ಮಾತನ್ನು ಕೈಯಲ್ಲಿ ಹಿಡಿದುಕೊಂಡು ಇಡೀ ಕಾದಂಬರಿ ಓದಬಹುದು.

4. ಹಣವನ್ನೂ ಶಾಲೆಯನ್ನೂ ಎಣಿಸಿ

'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬ ಗಾದೆಯನ್ನು ಜೊತೆಗಿಟ್ಟುಕೊಂಡೇ ನಾವು ಇಂಥ ಕಥೆಗಳನ್ನು ಓದುತ್ತೇವೆ. ಈ ಕಾದಂಬರಿಗೆ ಅದು ಒಗ್ಗುವುದಿಲ್ಲ. ಪಾಲು ಕೇಳುವ ಸ್ಥಾನವೇ ಮ್ಯಾಗಿಗಿಲ್ಲ, ಆದ್ದರಿಂದ ಜಗಳ ಆಸ್ತಿಯ ಮೇಲೆ ಹೋಗುವುದೂ ಇಲ್ಲ. ಅಸಮಾನತೆ ಬೇರೆ ಕಡೆ ಬಚ್ಚಿಟ್ಟುಕೊಂಡಿದೆ. ಕ್ರಿಸ್ಮಸ್ ಉಡುಗೊರೆಯಾಗಿ ತನಗೆ ಸಿಗುವುದು ಪವನು ಅಥವಾ ಅರ್ಧ ಪವನು, ನಿನಗೆ ಬರೀ ಐದು ಶಿಲಿಂಗಿನ ನಾಣ್ಯ, ಏಕೆಂದರೆ ನಾನು ಮುಂದೆ ಗಂಡಸಾಗುವವನು, ನೀನು ಬರೀ ಹುಡುಗಿ ಎಂದು ಟಾಮ್ ತಂಗಿಗೆ ತಿಳಿಸಿ ಹೇಳುತ್ತಾನೆ. ಪವನಿಗೆ ಇಪ್ಪತ್ತು ಶಿಲಿಂಗ್. ಅಂದರೆ ಅವನದರಲ್ಲಿ ಕಾಲು ಭಾಗ, ಹೆಚ್ಚೆಂದರೆ ಅರ್ಧ. ಅವನ ದನಿಯಲ್ಲಿ ಕೊಂಕಿಲ್ಲ. ಹವಾಮಾನ ಹೇಳುವಷ್ಟು ಸಹಜವಾಗಿ ಹೇಳುತ್ತಾನೆ. ನಮಗೆ ಚುಚ್ಚಬೇಕಾದದ್ದು ಆ ಸಹಜತೆಯೇ.

ಶಾಲೆಯ ಕಥೆಯೂ ಇದೇ. ಮಗಳು ಮಗನಿಗಿಂತ ಚುರುಕೆಂದು ಟುಲಿವರ್‌ಗೆ ಚೆನ್ನಾಗಿ ಗೊತ್ತು, ಹೆಣ್ಣಿಗೆ ಅಷ್ಟು ಬುದ್ಧಿ ಏಕೆ ಎಂಬ ಚಿಂತೆಯೂ ಇದೆ. ಪಾದ್ರಿ ಸ್ಟೆಲಿಂಗ್ ಬಳಿಗೆ ಲ್ಯಾಟಿನ್ ಮತ್ತು ಜ್ಯಾಮಿತಿ ಕಲಿಯಲು ಹೋಗುವವನು, ಅದು ಏನೂ ತಲೆಗೆ ಹತ್ತದ ಟಾಮ್. ನೋಡಲು ಹೋದ ಮ್ಯಾಗಿ ಅವನ ಪುಸ್ತಕ ತೆರೆದು ಖುಷಿಯಿಂದ ಓದುತ್ತಾಳೆ. ಹುಡುಗಿಯರು ಬೇಗ ಗ್ರಹಿಸುತ್ತಾರೆ, ಆಳಕ್ಕೆ ಹೋಗಲಾರರು ಎಂದು ಸ್ಟೆಲಿಂಗ್ ತೀರ್ಪು ಕೊಟ್ಟಾಗ ಟಾಮ್‌ಗೆ ಹಿಗ್ಗೋ ಹಿಗ್ಗು. ಆ ಶಾಲೆಯಲ್ಲಿ ಅವನೂ ಪೆಟ್ಟು ತಿಂದವನೇ ಎಂಬುದನ್ನು ಮಾತ್ರ ಮರೆಯಬೇಡಿ. ಬಾರದ ಲ್ಯಾಟಿನ್ನಿನ ಮುಂದೆ ಅವನ ಆತ್ಮವಿಶ್ವಾಸ ಪುಡಿಯಾಗಿತ್ತು. ತಂಗಿಯ ಸೋಲು ಅವನಿಗೆ ಸಿಕ್ಕಿದ ಮೊದಲ ಸಮಾಧಾನ.

5. ಪ್ರತಿ ಬಾಲ್ಯದ ದೃಶ್ಯಕ್ಕೂ ಅದರ ಜೋಡಿಯನ್ನು ಹುಡುಕಿ

ಇದೇ ಈ ವಿಧಾನದ ತಿರುಳು. ನೋಟ್‌ಪುಸ್ತಕದ ಒಂದು ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ ಬಾಲ್ಯದ ದೃಶ್ಯ, ಬಲಕ್ಕೆ ಖಾಲಿ ಜಾಗ. ಓದುತ್ತ ಹೋದಂತೆ ಬಲಗಡೆ ತುಂಬುತ್ತದೆ.

ಎಡಕ್ಕೆ ಮೊಲದ ಪ್ರಸಂಗವನ್ನು ಬರೆಯಿರಿ. ಶಾಲೆಗೆ ಹೋಗುವಾಗ ಟಾಮ್ ತನ್ನ ಜೋಲುಕಿವಿಯ ಮೊಲಗಳನ್ನು ತಂಗಿಗೆ ಒಪ್ಪಿಸಿ ಹೋಗಿದ್ದ. ಅವಳು ಮರೆತಳು, ಅವು ಸತ್ತವು. ಊರಿಗೆ ಬಂದವನು ತಂಗಿಗೆಂದು ಮೀನು ಹಿಡಿಯುವ ದಾರ ತಂದಿದ್ದಾನೆ. ಅದಕ್ಕಾಗಿ ಶಾಲೆಯಲ್ಲಿ ಮಿಠಾಯಿಯ ಖರ್ಚಿಗೆ ಪಾಲು ಕೊಡದೆ ಹುಡುಗರೊಡನೆ ಹೊಡೆದಾಡಿದ್ದಾನೆ. ಆ ಉಡುಗೊರೆಯ ಬೆನ್ನಿಗೇ ಮೊಲದ ಸುದ್ದಿ. ಆಗ ಟಾಮ್ ಮಾಡುವುದೇನೆಂದರೆ, ಹಳೆಯ ತಪ್ಪುಗಳ ಪಟ್ಟಿ ತೆಗೆಯುವುದು: ಹಿಂದಿನ ರಜೆಯಲ್ಲಿ ನನ್ನ ಪೆಪ್ಪರ್‌ಮಿಂಟ್ ಡಬ್ಬಿಯ ಬಣ್ಣ ನೆಕ್ಕಿದೆ, ಅದಕ್ಕೂ ಮುಂಚೆ ಗಾಳದ ದಾರ ಹಾಳು ಮಾಡಿದೆ, ಗಾಳಿಪಟದಲ್ಲಿ ತಲೆ ತೂರಿಸಿದೆ. ನೀನು ಮರೆತಿದ್ದರೆ ನಾನು ಕ್ಷಮಿಸುತ್ತಿದ್ದೆ ಎಂದು ಮ್ಯಾಗಿ ಅಳುತ್ತಾಳೆ. ನಾನು ಮರೆಯುವುದೇ ಇಲ್ಲವಲ್ಲ, ಎನ್ನುತ್ತಾನೆ ಟಾಮ್. ನಿನ್ನ ಮೇಲೆ ನನಗೆ ಪ್ರೀತಿಯಿಲ್ಲ ಎಂದು ಹೇಳಿ ಹೊರಟುಹೋಗುತ್ತಾನೆ. ಅವಳು ಅಟ್ಟ ಹತ್ತಿ ಕೂರುತ್ತಾಳೆ. ಚಹಾದ ಹೊತ್ತಿಗೂ ಅವಳು ಬಾರದಿದ್ದಾಗ ತಂದೆಗೆ ವಿಷಯ ಹೊಳೆಯುತ್ತದೆ. ಹೋಗಿ ಕರೆದುಕೊಂಡು ಬಾ, ಅವಳ ಜೊತೆ ಒಳ್ಳೆಯವನಾಗಿರು ಎಂದು ಮಗನಿಗೆ ಗದರುತ್ತಾನೆ. ಟಾಮ್ ಕೇಕಿನ ತುಂಡು ಹಿಡಿದು ಅಟ್ಟ ಹತ್ತುತ್ತಾನೆ, ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಅದನ್ನು ತಿನ್ನುತ್ತಾರೆ.

ಈಗ ಬಲಗಡೆ. ವರ್ಷಗಳು ಕಳೆದಿವೆ. ಮ್ಯಾಗಿ ಲೂಸಿಯನ್ನು ಮದುವೆಯಾಗಬೇಕಿದ್ದ ಸ್ಟೀಫನ್ ಗೆಸ್ಟ್ ಜೊತೆ ದೋಣಿಯಲ್ಲಿ ಹೊರಟು, ಮೈಮರೆತು ಬಹುದೂರ ತೇಲಿಹೋಗುತ್ತಾಳೆ. ಕೊನೆಗೆ ಅವನನ್ನು ಮದುವೆಯಾಗಲು ಒಪ್ಪದೆ ಒಬ್ಬಳೇ ಹಿಂದಿರುಗುತ್ತಾಳೆ. ಆಸರೆ ಬೇಡಿ ನೇರ ಅಣ್ಣನ ಬಳಿಗೆ ಬರುತ್ತಾಳೆ. ಟಾಮ್ ಮತ್ತೆ ಪಟ್ಟಿ ತೆಗೆಯುತ್ತಾನೆ. ತಂದೆಯ ವೈರಿಯ ಮಗ ಫಿಲಿಪ್ ವೇಕಮ್‌ನನ್ನು ಕದ್ದು ಭೇಟಿಯಾದದ್ದು, ಮನೆಯವರ ಮಾನ ಕಳೆದದ್ದು. ನನ್ನ ಮನೆಯಲ್ಲಿ ನಿನಗೆ ಜಾಗವಿಲ್ಲ.

ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಮೈಮರೆವು, ಪಶ್ಚಾತ್ತಾಪ, ಪಟ್ಟಿ, ತಿರಸ್ಕಾರ. ಎಲ್ಲ ಹಾಗೆಯೇ ಇದೆ. ಇಲ್ಲದಿರುವವನು ತಂದೆ. ಹೋಗಿ ಕರೆದುಕೊಂಡು ಬಾ ಎಂದು ಗದರಲು ಟುಲಿವರ್ ಬದುಕಿಲ್ಲ. ಬಾಲ್ಯದಲ್ಲಿ ಅಣ್ಣ-ತಂಗಿಯ ರಾಜಿ ತಾವೇ ಮಾಡಿಕೊಂಡದ್ದಲ್ಲ, ಮೂರನೆಯವರೊಬ್ಬರು ಮಾಡಿಸಿದ್ದು ಎಂಬುದು ಈ ಎರಡನೆಯ ದೃಶ್ಯ ಓದಿದ ಮೇಲೆಯೇ ನಮಗೆ ತಿಳಿಯುತ್ತದೆ. ಹಾಗಾದರೆ ಕೊನೆಯಲ್ಲಿ ಆ ಮೂರನೆಯವರ ಕೆಲಸ ಮಾಡುವವರು ಯಾರು? ಮನುಷ್ಯರು ಯಾರೂ ಇಲ್ಲದ ಕಡೆ ನದಿಯೇ ಬರಬೇಕಾಯಿತು. ಉಕ್ಕಿದ ನೀರಿನಲ್ಲಿ ಈ ಬಾರಿ ದೋಣಿ ಹಾಕಿಕೊಂಡು ಕರೆತರಲು ಹೋಗುವವಳು ತಂಗಿ. ಮೇಲಂತಸ್ತಿನಲ್ಲಿ ಸಿಕ್ಕಿಬಿದ್ದವನು ಅಣ್ಣ.

6. ದೊಡ್ಡವರಾದ ಒಡಹುಟ್ಟಿದವರ ಬಳಿ ಹೋಗಿ

ಮೊದಲು ಬರೆದ ಹಾಳೆ ಈಗ ಕೆಲಸಕ್ಕೆ ಬರುತ್ತದೆ. ಮೊದಲ ಭಾಗದ ಎಂಟನೆಯ ಅಧ್ಯಾಯ ಹಲವರು ಬೇಗ ತಿರುವಿಹಾಕುವ ಅಧ್ಯಾಯ. ನನಗೆ ಇಡೀ ಪುಸ್ತಕದಲ್ಲಿ ಅದೇ ಅಚ್ಚುಮೆಚ್ಚು. ಟುಲಿವರ್ ಸೋದರಿಯ ಗಂಡನಿಗೆ ಮುನ್ನೂರು ಪೌಂಡ್ ಸಾಲ ಕೊಟ್ಟಿದ್ದ. ಈಗ ತನಗೇ ಹಣ ಬೇಕಾಗಿ, ಗಟ್ಟಿ ಮನಸ್ಸು ಮಾಡಿ ಕುದುರೆ ಏರಿ ವಸೂಲಿಗೆ ಹೋಗುತ್ತಾನೆ. ಗ್ರಿಟಿ ತನ್ನ ನಾಲ್ಕು ಹೆಣ್ಣುಮಕ್ಕಳ ಮಾತೆತ್ತುತ್ತಾಳೆ. ಒಬ್ಬೊಬ್ಬಳಿಗೆ ಒಬ್ಬೊಬ್ಬ ಅಣ್ಣ ತಮ್ಮ ಇದ್ದಾರಲ್ಲ ಎನ್ನುತ್ತಾನೆ ಇವನು. ಆಗ ಅವಳು, ನಿನ್ನ ಮಗನೂ ಅವನ ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳಲಿ, ನಮ್ಮಂತೆ ಅವರೂ ಇಬ್ಬರೇ ಅಲ್ಲವೇ ಎನ್ನುತ್ತಾಳೆ. ಅದರಲ್ಲಿ ತಂತ್ರವಿಲ್ಲ, ಬಾಯಿಗೆ ಬಂದ ಮಾತು. ಅವನು ಬಿಗುವಾಗಿಯೇ ಹಣದ ಮಾತು ಮುಗಿಸಿ ಹೊರಟವನು ಅಂಗಳದ ಬಾಗಿಲು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಹಿಂದಿರುಗುತ್ತಾನೆ: ಹಣದ ಚಿಂತೆ ಬಿಡು. ತಾನಿಂದು ಸೋದರಿಯ ಮೇಲೆ ಕಠಿಣನಾದರೆ ಮುಂದೊಂದು ದಿನ ಟಾಮ್ ಮ್ಯಾಗಿಯ ಮೇಲೆ ಹಾಗಾದಾನೆಂಬ ಅಂಜಿಕೆ ಅವನದು. ವ್ಯವಹಾರದಲ್ಲಿ ಮೂರ್ಖನೆನಿಸಿಕೊಂಡ ಈ ಗಿರಣಿಯವನಿಗೆ ಮಕ್ಕಳ ಭವಿಷ್ಯ ಎಲ್ಲಿ ರೂಪುಗೊಳ್ಳುತ್ತದೆಂದು ಗೊತ್ತಿತ್ತು.

ಡಾಡ್ಸನ್ ಅಕ್ಕತಂಗಿಯರ ಪಾಠ ತಿರುವುಮುರುವು. ಅಟ್ಟದಲ್ಲಿ ಮ್ಯಾಗಿಯ ಬಳಿ ಒಂದು ಹಳೆಯ ಮರದ ಗೊಂಬೆಯಿದೆ. ಸಿಟ್ಟು ಬಂದಾಗ ಅದರ ತಲೆಗೆ ಮೊಳೆ ಹೊಡೆಯುತ್ತಾಳೆ. ಕೊನೆಯ ಮೊಳೆ ಹೊಡೆದದ್ದು ಗ್ಲೆಗ್ ದೊಡ್ಡಮ್ಮನ ಹೆಸರಿನಲ್ಲಿ. ಅದೇ ದೊಡ್ಡಮ್ಮ, ಊರೆಲ್ಲ ಮ್ಯಾಗಿಯ ಮೇಲೆ ಬೆರಳು ತೋರುವಾಗ, ರಕ್ತಸಂಬಂಧವನ್ನು ಬಿಟ್ಟುಕೊಡಲಾಗದೆಂದು ಟಾಮ್‌ನ ಎದುರೇ ಸೆಟೆದು ನಿಲ್ಲುತ್ತಾಳೆ. ಪ್ರೀತಿಯ ಮಾತು ಆಡಲು ಬಾರದ, ಲಿನನ್ ಬಟ್ಟೆ ಮತ್ತು ಉಯಿಲುಗಳನ್ನೇ ಚರ್ಚಿಸುವ ಹೆಂಗಸು. ಕಟ್ಟುನಿಟ್ಟು ಎಲ್ಲ ಕಡೆಯೂ ಕ್ರೌರ್ಯವಾಗುವುದಿಲ್ಲ ಎಂದು ಲೇಖಕಿ ತೋರಿಸಲು ಆರಿಸಿಕೊಂಡದ್ದು ಇಂಥವಳನ್ನು.

7. ಟಾಮ್‌ನ ಪಕ್ಷ ವಹಿಸಿ ಒಮ್ಮೆ ಓದಿ

ನಮ್ಮ ಕಾಲದ ಓದುಗರಿಗೆ ಮ್ಯಾಗಿಯ ಮೇಲೆ ಒಲವು ಬಲು ಸುಲಭ. ಅದಕ್ಕೇ ಮೂರನೆಯ ಭಾಗದಿಂದ ಐದನೆಯ ಭಾಗದವರೆಗೆ ಟಾಮ್‌ನ ವಕೀಲರಾಗಿ ಓದಿ. ತಂದೆ ಮೊಕದ್ದಮೆ ಸೋತು, ದಿವಾಳಿಯಾಗಿ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗ ಅವನು. ತಗಡಿನ ಡಬ್ಬಿಯಲ್ಲಿ ಪೈಸೆ ಪೈಸೆ ಕೂಡಿಸಿ ತಂದೆಯ ಸಾಲ ತೀರಿಸಿದ. ಸೋದರತ್ತೆಯ ಆ ಮುನ್ನೂರು ಪೌಂಡಿನ ಪತ್ರವನ್ನು ನಾಶಮಾಡಬೇಕು, ಅದು ಅಪ್ಪನ ಇಚ್ಛೆ ಎಂದು ಬಂಧುಗಳೆದುರು ಹಟ ಹಿಡಿದವನೂ ಅವನೇ. ತಂಗಿಯ ತಪ್ಪುಗಳ ಪಟ್ಟಿ ಇಟ್ಟವನ ಅದೇ ನೆನಪಿನ ಶಕ್ತಿ ಮನೆಯನ್ನು ಉಳಿಸಿತು. ಗುಣವನ್ನೂ ದೋಷವನ್ನೂ ಬೇರೆ ಬೇರೆ ಮಾಡಲು ಈ ಕಾದಂಬರಿ ಬಿಡುವುದಿಲ್ಲ. ಟಾಮ್‌ನನ್ನು ಖಳನಾಗಿಸಿ ಓದಿದರೆ ಅರ್ಧ ಪುಸ್ತಕ ಕೈತಪ್ಪುತ್ತದೆ.

8. ಲೇಖಕಿಯ ಬದುಕನ್ನು ಕೊನೆಗೆ ತೆರೆಯಿರಿ

ಮುನ್ನುಡಿಗಳಲ್ಲಿ ಇದೇ ಮೊದಲು ಬರುತ್ತದೆ. ಬಿಟ್ಟು ಮುಂದೆ ಹೋಗಿ, ಪುಸ್ತಕ ಮುಗಿದ ಮೇಲೆ ಓದಿ. ಜಾರ್ಜ್ ಎಲಿಯಟ್ ಎಂಬುದು ಮೇರಿ ಆನ್ ಇವಾನ್ಸ್ ಇಟ್ಟುಕೊಂಡ ಹೆಸರು. 1819ರಲ್ಲಿ ವಾರ್ವಿಕ್‌ಶೈರ್‌ನಲ್ಲಿ ಹುಟ್ಟಿದವಳು. ಅಣ್ಣ ಐಸಾಕ್ ಮೂರು ವರ್ಷ ದೊಡ್ಡವನು. ಚಿಕ್ಕಂದಿನಲ್ಲಿ ಅವನ ಹಿಂದೆಯೇ ತಿರುಗುತ್ತಿದ್ದಳು. 1854ರಿಂದ ಅವಳು ವಿವಾಹಿತನಾಗಿದ್ದ ಜಾರ್ಜ್ ಹೆನ್ರಿ ಲೂಯಿಸ್ ಜೊತೆ ಬಾಳಿದಳು. 1857ರಲ್ಲಿ ಅದನ್ನು ಅಣ್ಣನಿಗೆ ಬರೆದು ತಿಳಿಸಿದಾಗ ಉತ್ತರ ಬಂದದ್ದು ಅವನ ವಕೀಲನಿಂದ. ಮಾತುಕತೆ ಅಲ್ಲಿಗೆ ನಿಂತಿತು. ಲೂಯಿಸ್ ತೀರಿಕೊಂಡ ಮೇಲೆ, 1880ರ ಮೇ ತಿಂಗಳಲ್ಲಿ ಅವಳು ಜಾನ್ ಕ್ರಾಸ್ ಎಂಬವನನ್ನು ಕ್ರಮಬದ್ಧವಾಗಿ ಮದುವೆಯಾದಾಗ ಐಸಾಕ್ ಅಭಿನಂದನೆಯ ಪತ್ರ ಬರೆದ. ಅದೇ ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು, ಅವನು ಅಂತ್ಯಕ್ರಿಯೆಗೆ ಬಂದಿದ್ದ.

ವರ್ಷಗಳನ್ನು ಗಮನಿಸಿ. ಕಾದಂಬರಿಯ ರಾಜಿ 1860ರದು, ಜೀವನದ ರಾಜಿ 1880ರದು. ಆದ್ದರಿಂದ ಆದದ್ದನ್ನು ಬರೆದಳು ಎನ್ನುವುದು ಸರಿಯಲ್ಲ. ಬರೆಯುವ ಹೊತ್ತಿಗೆ ಅವಳ ಕೈಯಲ್ಲಿದ್ದುದು ಬಾಲ್ಯ ಮತ್ತು ಮೌನ, ಎರಡೇ. ಪ್ರವಾಹದ ಮುಕ್ತಾಯ ತೀರಾ ದಿಢೀರನೆ ಬಂತು ಎಂದು ಅನೇಕ ವಿಮರ್ಶಕರು ಆಕ್ಷೇಪಿಸಿದ್ದಾರೆ. ಬಾಲ್ಯದ ಭಾಗದ ಮೇಲಿನ ಪ್ರೀತಿಯಿಂದ ಅಲ್ಲೇ ನಿಂತುಬಿಟ್ಟೆ, ಮೂರನೆಯ ಸಂಪುಟಕ್ಕೆ ಸಾಕಷ್ಟು ಜಾಗ ಉಳಿಯಲಿಲ್ಲ ಎಂದು ಅವಳೇ ಪ್ರಕಾಶಕರಿಗೆ ಬರೆದಳು. ಆದರೆ ಪ್ರವಾಹ ಕೊನೆಗೆ ಹೊಳೆದ ಉಪಾಯ ಆಗಿರಲಿಲ್ಲ. 1859ರ ಜನವರಿಯಲ್ಲೇ ಹಳೆಯ ವಾರ್ಷಿಕ ದಾಖಲೆಗಳಲ್ಲಿ ನೆರೆಹಾವಳಿಗಳ ವಿವರ ಹುಡುಕಿದ್ದನ್ನು ದಿನಚರಿಯಲ್ಲಿ ಬರೆದಿದ್ದಾಳೆ. ಎರಡನೆಯ ಅಧ್ಯಾಯದಲ್ಲೇ ತಾಯಿ, ಈ ಹುಡುಗಿ ಒಂದು ದಿನ ನೀರಿಗೆ ಬೀಳುತ್ತಾಳೆ ಎಂದು ಗೊಣಗುವುದನ್ನು ಹಿಂದಿರುಗಿ ನೋಡಿ. ನೀರಿನ ಮಾತು ಬಂದಲ್ಲೆಲ್ಲ ಒಂದು ಚುಕ್ಕೆ ಹಾಕುತ್ತ ಬಂದಿದ್ದರೆ, ಮುಕ್ತಾಯ ಅಷ್ಟೇನೂ ದಿಢೀರ್ ಅನಿಸುವುದಿಲ್ಲ.

9. ಇನ್ನೊಂದು ಪುಸ್ತಕದ ಮೇಲೆ ಪ್ರಯೋಗಿಸಿ

ಗೆರೆ ಎಳೆದ ಆ ಪುಟವನ್ನು ಇಟ್ಟುಕೊಂಡು ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಓದಿ. 1929ರಲ್ಲಿ ಪುಸ್ತಕವಾಗಿ ಬಂದ ಬಂಗಾಳಿ ಕಾದಂಬರಿ. ಇಲ್ಲಿ ದುರ್ಗಾ ಅಕ್ಕ, ಅಪು ತಮ್ಮ. ಕಾಡು ಮೇಡು ತೋರಿಸುವವಳು, ತಿಂಡಿ ಕದ್ದು ತಂದು ತಿನ್ನಿಸುವವಳು ಅಕ್ಕ. ಬಡತನ ಎಷ್ಟೆಂದರೆ ಹಂಚಲು ಪಫ್ ಇಲ್ಲ, ನಿಯಮ ಮಾಡುವ ಪ್ರಶ್ನೆಯೂ ಇಲ್ಲ. ಊರಿನ ಉಳ್ಳವರ ಮನೆಯಿಂದ ಒಂದು ಚಿನ್ನದ ಪುಟ್ಟ ಡಬ್ಬಿ ಕಳೆದಾಗ ಆರೋಪ ದುರ್ಗೆಯ ಮೇಲೆ ಬಂದಿತ್ತು. ಅವಳು ಸತ್ತ ಮೇಲೆ, ಊರು ಬಿಡುವ ಗಡಿಬಿಡಿಯಲ್ಲಿ, ಅಪುವಿಗೆ ಅದು ಮನೆಯಲ್ಲೇ ಸಿಗುತ್ತದೆ. ಯಾರಿಗೂ ಹೇಳದೆ ಬಿದಿರು ಮೆಳೆಯೊಳಗೆ ಎಸೆದುಬಿಡುತ್ತಾನೆ. ಸಿನಿಮಾ ನೋಡಿದವರಿಗೆ ಮಣಿಸರವೂ ಕೊಳವೂ ನೆನಪಿರುತ್ತದೆ. ಆ ಬದಲಾವಣೆ ಸಿನಿಮಾದ್ದು.

ಎಡಕ್ಕೆ ಬರೆಯಬೇಕಾದ ಬಾಲ್ಯದ ದೃಶ್ಯ ಯಾವುದೆಂದು ನೀವೇ ಹುಡುಕಿ. ಬಲಗಡೆಯಂತೂ ಇದೇ ಇರಲಿ. ಅಪುವಿನ ಜಾಗದಲ್ಲಿ ಟಾಮ್ ಇದ್ದಿದ್ದರೆ ಡಬ್ಬಿಯ ದೂಳು ಒರೆಸಿ, ಆ ಮನೆಯವರೆಗೆ ನಡೆದುಹೋಗಿ, ಅಕ್ಕನ ಪರವಾಗಿ ಕ್ಷಮೆ ಕೇಳಿ, ಒಪ್ಪಿಸಿ ಬರುತ್ತಿದ್ದ.